ಕಾರಿಗೆ ತಗುಲಿದ ದೃಷ್ಟಿ

ದಯಾನಂದ ತನ್ನ ಕಾರಿಗೆ ಆಸೆಪಟ್ಟು ಎಂಜಿನ್ ಬಲ ಹೆಚ್ಚಿಸುವ ಟರ್ಬೊ ಹಾಕಿಸಿದ, ರೇಸಿನ ಕ್ಲಚ್ ಹಾಕಿಸಿದ. ಅಂದಿನಿಂದ ಕ್ಲಚ್ ಬಿಟ್ಟಾಗಲೆಲ್ಲ ಕಾರು ಧಡ್ ಅಂತ ಒದೆಯತೊಡಗಿತು. ಮೆಕ್ಯಾನಿಕ್ ಗೇರ್‌ಬಾಕ್ಸನ್ನು ಮೂರು ಸಲ ಬಿಚ್ಚಿ ಜೋಡಿಸಿ, ಕೊನೆಗೆ ಕೈ ಒರೆಸಿಕೊಂಡ.

"ಇದು ನನ್ನ ಕೈಲಾಗೋದಲ್ಲ ಸಾರ್. ಯಾರದೋ ಕೆಟ್ಟ ದೃಷ್ಟಿ ತಾಗಿದೆ. ಭಟ್ಟರನ್ನ ಕರೆಸಿ."

ಅಂಥದ್ದನ್ನೆಲ್ಲ ನಂಬದ ದಯಾನಂದ ವಿಧಿಯಿಲ್ಲದೆ ಕರೆಸಿದ. ಭಟ್ಟರು ಕುಂಬಳಕಾಯಿ ನಿವಾಳಿಸಿ ಒಡೆದರು, ಚಕ್ರದಡಿ ನಿಂಬೆಹಣ್ಣು ಇಟ್ಟರು, ಬಾನೆಟ್ ಎತ್ತಿಸಿ ಎಂಜಿನ್‌ಗೂ ಕುಂಕುಮ ಹಚ್ಚಿದರು.

"ಈಗ ನಿಧಾನಕ್ಕೆ ಒಂದಡಿ ಮುಂದೆ ತಗೊಳ್ಳಿ."

ಕಾರು ಮತ್ತೆ ಧಡ್ ಅಂತ ಒದೆಯಿತು.

"ದೃಷ್ಟಿ ಇನ್ನೂ ಹೋಗಿಲ್ಲ ಭಟ್ರೇ," ಅಂದ ಮೆಕ್ಯಾನಿಕ್.

ಕುಂಕುಮದ ಬೊಟ್ಟು ಎಂಜಿನ್ ಸಮೇತ ಗೇಣುದ್ದ ಜಿಗಿದದ್ದನ್ನು ಕಂಡ ಭಟ್ಟರು ಪಂಚೆ ಎತ್ತಿಕಟ್ಟಿ ಬಗ್ಗಿ ನೋಡಿದರು.

"ದೃಷ್ಟಿ ಹೋಯ್ತಪ್ಪ. ಎಂಜಿನ್ ಅಲುಗದ ಹಾಗೆ ಕೆಳಗೆ ಹಿಡಿದಿಡೋ ರಬ್ಬರ್ ಹರಿದಿದೆ, ಅದನ್ನ ಬದಲಾಯಿಸು."