ಹಳ್ಳದ ದಂಡೆಯ ತಗ್ಗುಗಳು

ರಾಯಚೂರಿನಲ್ಲಿ ಯಾರದಾದರೂ ಮನೆಯ ಪಾಯ ಅಗೆಯುವಾಗ ಏಳುವ ಹಸಿ ಎರೆಮಣ್ಣಿನ ವಾಸನೆ ಈಗಲೂ ನನ್ನನ್ನು ನಮ್ಮ ಜಿಲ್ಲೆಯದೇ ಜಾಲಹಳ್ಳಿ ಹತ್ತಿರದ ಅಜ್ಜಿಯ ಹೊಲಕ್ಕೆ ಕರೆದೊಯ್ಯುತ್ತದೆ.

ನನ್ನ ಬಾಲ್ಯದ ಒಂದು ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರು ಹೊಲದ ಪಕ್ಕದ ಹಳ್ಳದ ದಂಡೆಯಲ್ಲಿ ತಗ್ಗು ತೋಡಿ, ಮರದ ಮರಿಗೆಯಲ್ಲಿ ಮಣ್ಣು ತೊಳೆದು ಚಿನ್ನ ಹುಡುಕುತ್ತಿದ್ದರು. ತೋಡುತ್ತಾ ತೋಡುತ್ತಾ ಅಜ್ಜಿಯ ಹೊಲದ ಬದುವನ್ನೂ ದಾಟಿದ್ದರು. ಒಂದು ಮಧ್ಯಾಹ್ನ ನಮ್ಮ ಆಕಳ ಕರು ಕೆಸರು ತುಂಬಿದ ತಗ್ಗಿಗೆ ಬಿತ್ತು. ನಾನು ಚೀರಿಕೊಂಡೆ. ಆ ಹೆಂಗಸು ಸೀರೆ ಸಿಕ್ಕಿಸಿಕೊಂಡು ಒಳಗೆ ಜಿಗಿದಳು. ಎದೆಮಟ್ಟದ ಕೆಸರಿನಲ್ಲಿ ನಿಂತು ಕರುವನ್ನು ತಬ್ಬಿ ಮೇಲೆತ್ತಿದಳು. ಗಂಡ ತಗ್ಗಿನ ಅಂಚಿನಿಂದ ಅದನ್ನು ಎಳೆದುಕೊಂಡ.

ಬೈಯಲೆಂದೇ ಓಡಿಬಂದ ಅಜ್ಜಿ, ನೀರಿನಲ್ಲಿ ನೆನೆದು ನೆನೆದು ಬಿರಿದಿದ್ದ ಆಕೆಯ ಬೆರಳು ನೋಡಿ ದನಿ ತಗ್ಗಿಸಿದಳು.

"ಎಷ್ಟು ಸಿಕ್ಕದ, ತೋರ್ಸು ತಂಗಿ."

ಆಕೆ ಮರಿಗೆ ಮುಂದೆ ಹಿಡಿದಳು. ಕಪ್ಪು ಮರಳಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಹೊಳಪು.

"ಇಷ್ಟಕ್ಕ ಇಷ್ಟು ನೆಲ ಅಗದೀರಿ? ಮ್ಯಾಲಿನ ಎರಿಮಣ್ಣೆಲ್ಲಾ ಹಳ್ಳಕ್ಕ ಹೋತಲ್ಲ. ಕೆಳಗಿನ ಗರಸು ಕಲ್ಲಿನ್ಯಾಗ ಜ್ವಾಳ ಹೆಂಗ ಬೆಳೀಬೇಕು?"

"ನಮಗ ಬ್ಯಾರೆ ಕೆಲ್ಸ ಬರೂದಿಲ್ರಿ ಯವ್ವಾ," ಎಂದಳು ಆಕೆ, ತಲೆ ತಗ್ಗಿಸಿ.

ಅಜ್ಜಿ ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಉಂಡ ಮೇಲೆ ಮೂವರೂ ಸೇರಿ ಸಂಜೆಯ ತನಕ ಹೊಲದೊಳಗಿನ ತಗ್ಗುಗಳನ್ನು ಮುಚ್ಚಿದರು. ಮರುದಿನ ಅವರು ಊರು ಬಿಟ್ಟಿದ್ದರು.

ಹಿಂಗಾರಿಗೆ ಹೊಲದ ತುಂಬ ಜೋಳ ಎದ್ದಿತು. ಮುಚ್ಚಿದ ಜಾಗದಲ್ಲಿ ಮಾತ್ರ ಬೆಣಚುಕಲ್ಲು ಹೊಳೆಯುತ್ತಿತ್ತು. ಅಜ್ಜಿ ಬದುಕಿರುವ ತನಕ ಪ್ರತಿ ವರ್ಷ ಅಲ್ಲಿಯೂ ಬಿತ್ತಿದಳು.