ಉಚಿತ ದನಿ

ಯಾರೋ ಹೆಂಗಸು ಅಡುಗೆಮನೆಯಿಂದ, “ಅಕ್ಕಾ, ನೀರು ಕಾದಿದೆ. ಏಳು,” ಅಂದಳು.

ಅಕ್ಕ ದಡಕ್ಕನೆ ಎದ್ದು ಕೂತಳು. ಹುಟ್ಟಿನಿಂದ ಕಣ್ಣು ಕಾಣದವಳು, ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಒಮ್ಮೆ ಕಿವಿಗೆ ಬಿದ್ದ ದನಿಯನ್ನು ಮರೆಯುವವಳಲ್ಲ. ಇದು ಮನೆಯ ದನಿ ಅಲ್ಲ. ತೀರಾ ನಯವಾಗಿತ್ತು. ಎಲ್ಲೂ ಉಸಿರು ಎಳೆದುಕೊಳ್ಳುತ್ತಿರಲಿಲ್ಲ.

“ಯಾರದು?”

“ನಾನೇ. ನಿನ್ನ ತಂಗಿ.”

ಹೆಜ್ಜೆ ಸಪ್ಪಳ ಹತ್ತಿರ ಬಂತು. ಅಕ್ಕ ಗೋಡೆಗೆ ಒತ್ತಿಕೊಂಡು ಕೈ ಚಾಚಿದಳು. ಸಿಕ್ಕಿದ್ದು ತಂಗಿಯದೇ ಬೆರಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿ. ಆದರೂ ಅದನ್ನು ಮತ್ತೆ ಮತ್ತೆ ಸವರಿ ನೋಡಿದಳು.

ತಂಗಿ ದರ್ಜಿ. ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ದಿನಗಟ್ಟಲೆ ಕೂತು ತನ್ನ ದನಿಯನ್ನು ರೆಕಾರ್ಡ್ ಮಾಡಿ ಒಂದು ಕಂಪನಿಗೆ ಕಳಿಸಿದ್ದಳು. ಮಾತು ಹೋದ ಮೇಲೆ ಅವಳು ಟ್ಯಾಬ್‌ನಲ್ಲಿ ಟೈಪ್ ಮಾಡಿದ್ದನ್ನು ಆ ಕಂಪನಿಯ ಸಾಫ್ಟ್‌ವೇರ್ ಅವಳದೇ ದನಿಯಲ್ಲಿ ಆಡಿ ತೋರಿಸುತ್ತಿತ್ತು. “ಕಣ್ಣು ನಿಂದು, ಬಾಯಿ ನಂದು, ಇನ್ನೇನು ಬೇಕು ಸಂಸಾರಕ್ಕೆ,” ಅಂತ ಅಕ್ಕ ನಗಿಸುತ್ತಿದ್ದಳು. ಈ ಬೆಳಿಗ್ಗೆ ಟ್ಯಾಬ್ ತೆರೆದರೆ ಪರದೆಯ ಮೇಲೊಂದು ಸೂಚನೆ: ಹಳೆಯ ಆವೃತ್ತಿ ಇನ್ನು ಕೆಲಸ ಮಾಡುವುದಿಲ್ಲ. ನಿಮ್ಮ ದನಿ ಬೇಕಾದರೆ ಹೊಸದನ್ನು ಕೊಳ್ಳಿ. ಅಲ್ಲಿಯವರೆಗೆ ಉಚಿತ ದನಿ ಬಳಸಿ.

“ಎಷ್ಟಂತೆ?”

ತಂಗಿ ಟೈಪ್ ಮಾಡಿದಳು. ನಯವಾದ ದನಿ ಬೆಲೆ ಹೇಳಿತು. ಇಬ್ಬರೂ ವರ್ಷವಿಡೀ ಹೊಟ್ಟೆಬಟ್ಟೆ ಕಟ್ಟಿದರೂ ಮಿಗದಷ್ಟು.

“ಅವರಿಗೆ ಫೋನ್ ಹಚ್ಚು. ಸ್ಪೀಕರ್ ಹಾಕು. ನೀನೇ ಮಾತಾಡು, ನಾನು ಪಕ್ಕದಲ್ಲಿರ್ತೀನಿ.”

“ನಮಸ್ಕಾರ, ಏನು ಸಹಾಯ ಬೇಕಿತ್ತು?” ಅಂದಿತು ಫೋನು. ಅಕ್ಕನ ಮೈ ಜುಮ್ಮೆಂದಿತು. ಟ್ಯಾಬ್‌ನ ಅದೇ ಉಚಿತ ದನಿ.

“ನನ್ನ ದನಿ ಹೋಗಿದೆ,” ಅಂದಿತು ತಂಗಿಯ ಟ್ಯಾಬ್.

“ನಿಮ್ಮ ತೊಂದರೆ ಅರ್ಥವಾಯಿತು,” ಅಂದಿತು ಫೋನು.

“ಆ ಬೆಲೆ ನಮ್ಮ ಕೈಗೆ ಎಟುಕಲ್ಲ.”

“ಬೆಲೆ ಎಲ್ಲರಿಗೂ ಒಂದೇ.”

ಒಬ್ಬಳೇ ಹೆಂಗಸು ಬಾಗಿಲು ಹಾಕಿಕೊಂಡು ತನ್ನೊಡನೆ ತಾನೇ ವಾದಕ್ಕೆ ಕೂತ ಹಾಗಿತ್ತು. ಬೇಡಿಕೊಳ್ಳುವಾಗಲೂ ಅಷ್ಟೇ ನಯ, ಇಲ್ಲ ಅನ್ನುವಾಗಲೂ ಅಷ್ಟೇ ನಯ. ಸ್ವಲ್ಪ ಹೊತ್ತಿಗೆಲ್ಲ ಫೋನು ಯಾವುದು, ತಂಗಿ ಯಾವುದು ಎಂದು ಅಕ್ಕನಿಗೆ ಗೊತ್ತಾಗದೆ ಹೋಯಿತು. ಅವಳು ನಡುವೆ ಬಾಯಿ ಹಾಕಿದಳು. “ಮನುಷ್ಯರು ಯಾರಾದ್ರೂ ಇದ್ರೆ ಕೊಡಿ.”

ತುಸು ಹೊತ್ತಿಗೆ ಒಬ್ಬ ಗಂಡಸು ಲೈನಿಗೆ ಬಂದ. ನೆಗಡಿಯಾಗಿತ್ತು, ಮೂಗು ಎಳೆದುಕೊಂಡ. ಆ ಸದ್ದು ಕೇಳಿಯೇ ಅಕ್ಕನಿಗೆ ಹೋದ ಜೀವ ಬಂದಂತಾಯಿತು.

“ಇಡೀ ಲೋಕಕ್ಕೆ ಒಂದೇ ಬೆಲೆ ಇಟ್ಟಿದೀವಿ, ಮೇಡಂ. ನಾವು ಯಾರಿಗೂ ಭೇದ ಮಾಡಲ್ಲ.”

“ಅಲ್ಲಪ್ಪಾ, ನಿಮ್ಮ ಕಂಪನಿ ಇರೋ ದೇಶದಲ್ಲಿ ಅದು ಒಂದು ವಾರದ ಸಂಬಳ ಇರಬಹುದು. ನಮಗೆ ವರ್ಷದ ಅನ್ನ. ಒಂದೇ ಬೆಲೆ ಹೇಗಾಯ್ತು ಅದು?”

ತಂಗಿಯ ಟ್ಯಾಬ್ ಸೇರಿಸಿತು: “ಬಂದವರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದುಕೊಟ್ಟು ಭೇದ ಮಾಡಲ್ಲ ಅಂದ್ರೆ, ನನ್ನ ಅಂಗಡಿಗೆ ಕಲ್ಲು ಬೀಳುತ್ತೆ.”

ಅವನು ನಕ್ಕ. ಒಳ್ಳೆಯವನೇ ಇದ್ದ ಹಾಗಿತ್ತು. ಆಮೇಲೆ ದನಿ ತಗ್ಗಿಸಿ ಹೇಳಿದ: “ಒಂದು ದಾರಿ ಇದೆ. ನಿಮ್ಮ ದನಿ ನಮ್ಮ ಹತ್ರ ಜೋಪಾನವಾಗಿದೆ. ಅದನ್ನ ಬೇರೆಯವರಿಗೂ ಮಾರೋಕೆ ಒಪ್ಪಿಗೆ ಕೊಟ್ರೆ ಹೊಸ ಆವೃತ್ತಿ ಪುಕ್ಕಟೆ. ಕಾಗದ ಪತ್ರ ಏನೂ ಬೇಡ, ಬಾಯಿಮಾತು ಸಾಕು. ಕರೆ ರೆಕಾರ್ಡ್ ಆಗ್ತಿದೆ.”

“ಬೇರೆಯವರು ಅಂದ್ರೆ?” ಅಕ್ಕ ಕೇಳಿದಳು.

“ಕೊಂಡುಕೊಳ್ಳೋರು ಯಾರಾದ್ರೂ. ಜಾಹೀರಾತಿನವರು, ಸಾಲ ವಸೂಲಿಯವರು. ನಮಗೂ ತಿಳಿಸಲ್ಲ.”

ಅಮ್ಮ ಹೋದ ಮೇಲೆ ಅಕ್ಕನನ್ನು ಅಕ್ಕರೆಯಿಂದ ಕರೆಯುವ, ರಾಗ ಎಳೆದು, ತುದಿಯಲ್ಲಿ ಸ್ವಲ್ಪ ಒಡೆದು, “ಅಕ್ಕಾ” ಅನ್ನುವ ದನಿ ಲೋಕದಲ್ಲಿ ತಂಗಿಯದೊಂದೇ. ಅದು ಅವಳಿಗೆ ಬೇಕೇ ಬೇಕಿತ್ತು. ಹಾಗೆಯೇ ಆ ದನಿ ಗುರುತಿಲ್ಲದ ಯಾರದೋ ಮನೆಗೆ ಫೋನ್ ಮಾಡಿ, ನಾಳೆಯೊಳಗೆ ಕಟ್ಟದಿದ್ದರೆ ನೋಡಿಕೊಳ್ತೀವಿ ಎಂದು ಗದರುವುದೂ ಕಿವಿಯೊಳಗೆ ಕೇಳಿಸಿತು. ಅವಳು ತಡಕಾಡಿ ತಂಗಿಯ ಎರಡೂ ಕೈಗಳನ್ನು ಟ್ಯಾಬ್‌ನಿಂದ ಎಳೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಅದು ನಿನ್ನ ದನಿ ಕಣೇ. ನನಗೋಸ್ಕರ ಹೂಂ ಅನ್ನಬೇಡ.”

ತಂಗಿ ಬಗ್ಗಿದಳು. ಅಕ್ಕನ ಕೈಗೆ ಹಣೆ ಒತ್ತಿ, ಇಲ್ಲ, ಒಪ್ಪಲ್ಲ ಎಂದು ಆಚೀಚೆ ನಿಧಾನವಾಗಿ ಆಡಿಸಿದಳು. ಕಣ್ಣೀರು ಬೆಚ್ಚಗೆ ತಾಕಿತು.

“ಹೌದು. ನನಗೆ ಒಪ್ಪಿಗೆ ಇದೆ,” ಅಂದಿತು ಆ ನಯವಾದ ದನಿ.

“ಥ್ಯಾಂಕ್ಸ್ ಮೇಡಂ. ರೆಕಾರ್ಡ್ ಆಯ್ತು,” ಅಂದ ಅವನು.

ತಂಗಿಯ ಹತ್ತೂ ಬೆರಳು ಅಕ್ಕನ ಮುಷ್ಟಿಯೊಳಗೇ ಇದ್ದವು.