ಕ್ಯಾಂಟೀನಿನ ಸೋಮವಾರ

ಅರ್ಧ ಎಳೆದಿದ್ದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ ಇಂದುಧರ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದ್ದು ಒಂದೇ ಮಾತು. "ಸೋಮವಾರವೇ ಯಾಕಮ್ಮ?"

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕ್ಯಾಂಟೀನ್ ನಡೆಸುವ ದ್ರಾಕ್ಷಾಯಣಿ ಕೈಯಲ್ಲಿದ್ದ ಊದಿನಕಡ್ಡಿಯನ್ನು ಶಿವನ ಪಟದ ಮುಂದೆ ಸಿಕ್ಕಿಸಿ ತಿರುಗಿದಳು. ನಿಲ್ದಾಣದ ಅಂಗಡಿಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದಿರುವ ಅಧಿಕಾರಿ ಇವನೇ ಎಂದು ಅವಳಿಗೆ ಗೊತ್ತಿತ್ತು. ವಾರವಾರ ಬಾಗಿಲು ಮುಚ್ಚುವುದಕ್ಕೆ ದೂರು ಹೋಗಿದೆ, ಹೀಗೇ ಆದರೆ ಕ್ಯಾಂಟೀನ್ ಬೇರೆಯವರ ಪಾಲಾಗುತ್ತದೆ ಎಂಬ ಮಾತೂ ಕಿವಿಗೆ ಬಿದ್ದಿತ್ತು.

"ನಮ್ಮ ತವರಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಲ್ಲ ಸಾರ್. ಬಿತ್ತನೆ ತಡ ಆಗ್ಲಿ, ಹದ ಆರಿಹೋಗ್ಲಿ, ಇಡಲ್ಲ ಅಂದ್ರೆ ಇಡಲ್ಲ. ಶಿವನ ವಾರ. ನಮ್ಮಪ್ಪ ಹೊಲದಲ್ಲಿ ನಡೆಸಿದ್ದನ್ನ ನಾನು ಇಲ್ಲಿ ನಡೆಸ್ತಿದೀನಿ."

ಪಟ್ಟಣದಲ್ಲೇ ಬೆಳೆದ ಇಂದುಧರನಿಗೆ ಇದು ಹೊಸ ಸಂಗತಿ. ಬೈಯಲು ಬಂದವನು ಕುರ್ಚಿ ಎಳೆದುಕೊಂಡು ಕೂತ. "ಇವತ್ತು ಸೋಮವಾರ ಅಂತ ಎತ್ತಿಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಅಂತಿದ್ರು ನಮ್ಮಪ್ಪ. ಬೆಳಿಗ್ಗೆ ಕೊಟ್ಟಿಗೆಗೆ ಹೋದ್ರೂ ಏಳ್ತಾನೇ ಇರ್ಲಿಲ್ವಂತೆ."

ಇಂದುಧರ ನಕ್ಕುಬಿಟ್ಟ. ಆಮೇಲೆ ದನಿ ಇಳಿಸಿ ಹೇಳಿದ. "ಆದ್ರೆ ಅಮ್ಮ, ಅದು ನಿಮ್ಮ ಹೊಲ. ಇದು ಸರ್ಕಾರದ ಜಾಗ. ಬಸ್ಸಿಗೆ ಸೋಮವಾರ ಅಂತ ಇಲ್ಲ. ಹೋದ ವಾರ ಒಬ್ಬಳು ಬಾಣಂತಿ ಮಗುವಿನ ಹಾಲು ಕಲಸೋಕೆ ಬಿಸಿನೀರು ಸಿಗದೆ ಒದ್ದಾಡಿದಳಂತೆ. ದೂರು ಕೊಟ್ಟಿದ್ದು ಅವಳ ಗಂಡ."

ದ್ರಾಕ್ಷಾಯಣಿಯ ಮುಖ ಸಣ್ಣದಾಯಿತು. "ಅಯ್ಯೋ, ಬಡಿದಿದ್ರೆ ಕೊಡ್ತಿರ್ಲಿಲ್ವಾ? ಮಗೂಗೆ ಕೊಡೋ ನೀರಿಗೆ ಎಂಥ ವ್ಯಾಪಾರ ಸಾರ್? ನಾವು ಒಳಗೇ ಇದ್ವಲ್ಲ."

"ಶಟರ್ ಎಳೆದಿದ್ರೆ ಯಾರಮ್ಮ ಬಡೀತಾರೆ?"

ದ್ರಾಕ್ಷಾಯಣಿ ಒಲೆಯ ಮೇಲಿದ್ದ ಬಿಸಿನೀರನ್ನು ದೊಡ್ಡ ಫ್ಲಾಸ್ಕಿಗೆ ಬಗ್ಗಿಸಿದಳು. ಒಂದು ಸ್ಟೂಲನ್ನು ಶಟರಿನ ಹೊರಗಿಟ್ಟು ಅದರ ಮೇಲೆ ಫ್ಲಾಸ್ಕ್ ನಿಲ್ಲಿಸಿ, ಪಕ್ಕದಲ್ಲಿ ತೊಳೆದ ಲೋಟ ಬೋರಲು ಹಾಕಿದಳು. "ಇನ್ಮೇಲೆ ಸೋಮವಾರ ಇದು ಇಲ್ಲೇ ಇರುತ್ತೆ. ಯಾರು ಬೇಕಾದ್ರೂ ತಗೊಳ್ಳಲಿ. ವ್ಯಾಪಾರ ಮಾತ್ರ ಮಾಡು ಅನ್ಬೇಡಿ."

ಇಂದುಧರ ಜೇಬಿನಿಂದ ವರದಿಯ ಹಾಳೆ ತೆಗೆದ. "ದೇವರ ವಾರ ಅಂತ ಬರೆದ್ರೆ ಮೇಲಿನವರು ಒಪ್ಪಲ್ಲ. ವಾರದ ರಜೆ ಅಂತ ಬರೆದು ನೋಡ್ತೀನಿ. ದುಡಿಯೋರಿಗೆ ವಾರಕ್ಕೊಂದು ದಿನ ಬಿಡುವು ಬೇಡ ಅನ್ನೋಕೆ ಅವರಿಗೂ ಬಾಯಿ ಬರಲ್ಲ." ಪೆನ್ನು ತೆಗೆದವನು ಕಿವಿಗೊಟ್ಟ. ಒಳಗಿನಿಂದ ಗರಗರ ಸದ್ದು ಬರುತ್ತಿತ್ತು. "ಒಳಗ್ಯಾರು?"

"ನಮ್ಮ ಜಾನಕಮ್ಮ."

ಅವನು ಎದ್ದು ಇಣುಕಿದ. ಗ್ರೈಂಡರ್ ತಿರುಗುತ್ತಿತ್ತು. ಅದರ ಪಕ್ಕದಲ್ಲಿ ತನಗಿಂತ ಎತ್ತರದ ಪಾತ್ರೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಜಾನಕಮ್ಮ ಇಡ್ಲಿ ಅಂಡೆಯ ತಳ ತಿಕ್ಕುತ್ತಿದ್ದಳು. ನಸುಕಿನಲ್ಲಿ ಹಿಂಬಾಗಿಲಿಂದ ಬಂದು ಸಂಜೆ ಹಿಂಬಾಗಿಲಿಂದಲೇ ಹೋಗುವುದು ಅವಳಿಗೆ ಎಷ್ಟೋ ವರ್ಷಗಳ ರೂಢಿ. ಹೊರಗೆ ಮೈಕು ಕೂಗಿತು: ಜಾವಗಲ್ ಮಾರ್ಗವಾಗಿ ಹಳೇಬೀಡು, ಬೇಲೂರಿಗೆ ಹೋಗುವ ಪ್ರಯಾಣಿಕರು... ಜಾನಕಮ್ಮನ ಕೈ ನಿಂತಿತು. ಮೈಕು ಮುಗಿದ ಮೇಲೆ ಮತ್ತೆ ತಿಕ್ಕತೊಡಗಿತು.

"ನಿಮ್ಮೂರಲ್ಲೂ ಸೋಮವಾರ ನೊಗ ಇಡಲ್ವೇನಮ್ಮ?" ಇಂದುಧರ ಕುತೂಹಲಕ್ಕೆ ಕೇಳಿದ.

"ಛೆ ಛೆ, ಮುಟ್ಟಂಗೇ ಇಲ್ಲ ಸಾ. ಎತ್ತಿನ ಮೈ ತೊಳ್ದು ನೆರಳಲ್ಲಿ ಕಟ್ತಾರೆ."

"ನಿಮಗೆ?"

"ನಂಗಾ?" ಅವಳಿಗೆ ಪ್ರಶ್ನೆ ತಮಾಷೆಯಾಗಿ ಕಂಡಿತು. "ನಂಗೆ ಸೋಮವಾರಾನೇ ಪಾತ್ರೆ ಜಾಸ್ತಿ ಸಾ. ಮಿಕ್ಕ ದಿನ ಗಿರಾಕಿ ಗಲಾಟೇಲಿ ತಳ ತಿಕ್ಕಕ್ಕೆ ಎಲ್ಲಿ ಪುರುಸೊತ್ತು?"

ದೂರಿನ ಸುಳಿವೇ ಇಲ್ಲದ ದನಿ ಅದು. ಇಂದುಧರ ಪೆನ್ನು ಹಿಡಿದುಕೊಂಡೇ ದ್ರಾಕ್ಷಾಯಣಿಯ ಕಡೆ ತಿರುಗಿದ. "ಏನಂತ ಬರೀಲಮ್ಮ?"

ಪಟದ ಮುಂದಿನ ಊದಿನಕಡ್ಡಿಯ ಬೂದಿ ಬಾಗಿ, ಮುರಿದು ಬಿತ್ತು. ದ್ರಾಕ್ಷಾಯಣಿ ಒಳಗೆ ಹೋಗಿ ಗ್ರೈಂಡರಿನ ಸ್ವಿಚ್ ಆರಿಸಿದಳು.

"ಜಾನಕಮ್ಮ, ಏಳು. ಕೈ ತೊಳ್ಕೊ."

"ಯಾಕಕ್ಕಾ? ಇನ್ನೂ ದೋಸೆ ಕಲ್ಲು ಐತೆ."

"ಇರ್ಲಿ ಬಿಡು."

"ನಾಳೆ ಗಿರಾಕಿ ಬಂದ್ರೆ?"

"ಕಾಯ್ತಾರೆ. ಇಬ್ರೂ ಸೇರಿ ತಿಕ್ಕೋಣ. ಇನ್ಮೇಲೆ ಸೋಮವಾರ ನೀನು ಬರಬೇಡ."

ಜಾನಕಮ್ಮ ಗಾಬರಿಯಿಂದ ಎದ್ದಳು. "ಕೂಲಿ?"

"ಅದು ಸೋಮವಾರಾನೂ ಬರುತ್ತೆ ಕಣೇ. ಹೋಗು."

ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದ ಕೈಗಳನ್ನು ಸೆರಗಿಗೆ ಒರೆಸಿ, ಏನು ಮಾಡುವುದೆಂದು ತಿಳಿಯದೆ ಜಾನಕಮ್ಮ ಮತ್ತೊಮ್ಮೆ ಒರೆಸಿದಳು. ದ್ರಾಕ್ಷಾಯಣಿಯ ಕೈ ತಾನಾಗಿಯೇ ತೆಂಗಿನ ನಾರಿನತ್ತ ಹೋಯಿತು. ಇಂದುಧರ ನೋಡುತ್ತಿರುವುದು ಕಂಡು ಅವಳು ಅದನ್ನು ಅಲ್ಲೇ ಬಿಟ್ಟಳು.

ಈ ಸಲ ಜಾನಕಮ್ಮ ಮುಂದಿನ ಶಟರಿನ ಕೆಳಗೆ ಬಗ್ಗಿ, ಫ್ಲಾಸ್ಕಿಗೆ ತಾಗದಂತೆ ಸೆರಗು ಹಿಡಿದುಕೊಂಡು ಹೊರಗೆ ಹೋದಳು. ಬಿಸಿಲಲ್ಲಿ ಸಾಲಾಗಿ ನಿಂತ ಬಸ್ಸುಗಳನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಮತ್ತೆ ಬಗ್ಗಿ ತಲೆ ಒಳಗೆ ಹಾಕಿದಳು.

"ಸಾ, ಮಗಳನ್ನ ಹಳೇಬೀಡಿಗೆ ಕೊಟ್ಟಿದೀನಿ. ದಿನಾ ಮೈಕಲ್ಲಿ ಕೂಗ್ತಾರಲ್ಲ, ಆ ಬಸ್ಸು ಎಲ್ಲಿ ನಿಲ್ತದೆ?"